ಮನ್ಯಾಗ ಕೇಳಿ ಹೇಳ್ತೇನಿ

ಅಂಗಡಿಗೆ ಹೋಗುವುದು ಸುಲಭ. ಏನೂ ಕೊಳ್ಳದೆ, ಅಂಗಡಿಯವನ ಮುಖ ಸಣ್ಣದಾಗದ ಹಾಗೆ, ನಮ್ಮ ಮರ್ಯಾದೆಯೂ ಉಳಿಯುವ ಹಾಗೆ ಹೊರಗೆ ಬರುವುದಿದೆಯಲ್ಲ, ಅದು ಕಷ್ಟ. ನಮ್ಮ ವಿಜಯಪುರದ ಕಡೆಯವರು ಇದಕ್ಕೆ ಬಹಳ ಹಿಂದೆಯೇ ಒಂದು ದಾರಿ ಕಂಡುಕೊಂಡಿದ್ದಾರೆ. ರಾಶಿ ಬಟ್ಟೆ ಹರವಿಸಿ ನೋಡಿ, ತರಿಸಿಕೊಟ್ಟ ಚಹಾ ಕುಡಿದು, ಎದ್ದು ಚಪ್ಪಲಿ ಹುಡುಕುತ್ತಾ "ಮನ್ಯಾಗ ಕೇಳಿ ಹೇಳ್ತೇನ್ರಿ" ಎಂದುಬಿಟ್ಟರೆ ಮುಗಿಯಿತು. ಅಂಗಡಿಯವನು ಮರುಮಾತಾಡುವುದಿಲ್ಲ, ಅವನಿಗೂ ಮನೆ ಇರುತ್ತದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಇಲ್ಲಿ 'ಮನ್ಯಾಗ' ಎಂದರೆ ಮನೆಯ ಒಳಗೆ ಎಂದಲ್ಲ, ಹೆಂಡತಿ ಎಂದು ಅರ್ಥ. ಹೆಂಡತಿಯ ಹೆಸರು ಹಿಡಿಯಲು ನಾಚುವ ಗಂಡಸರೆಲ್ಲ ಸೇರಿ ಮಾಡಿಕೊಂಡ ಏರ್ಪಾಡು. "ಮನ್ಯಾಗ ಆರಾಮಿಲ್ಲ" ಎಂದರೆ ಹೆಂಡತಿಗೆ ಜ್ವರ. "ಮನ್ಯಾಗ ಸಿಟ್ಟಾಗ್ಯಾರ" ಎಂದರೆ ಇವತ್ತು ಊಟ ಹೊರಗೆ. ಇಷ್ಟೊಂದು ಉಪಯೋಗದ ಮಾತನ್ನು ಕೇಳುತ್ತಲೇ ನಾನೂ ಬೆಳೆದವನು. ನನ್ನ ತೊಂದರೆ ಇಷ್ಟೇ, ನನ್ನ ಮನ್ಯಾಗ ಯಾರೂ ಇಲ್ಲ.

ಮದುವೆಯಾಗಲಿಲ್ಲ. ಇದಕ್ಕೆ ಕೇಳುವಂಥ ಕಾರಣವೇನೂ ಇಲ್ಲ. ನೋಡೋಣ ನೋಡೋಣ ಎನ್ನುತ್ತಾ ನಾನಿದ್ದೆ, ಆಮೇಲೆ ನನ್ನನ್ನು ನೋಡಲು ಬರುವವರೂ ನಿಂತರು. ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ, ಜಲನಗರದಲ್ಲಿ ಬಾಡಿಗೆ ಮನೆ. ಇಂಥ ಒಂಟಿ ಮನುಷ್ಯನಿಗೆ ಏಳು ಮಂದಿ ಕೂಡುವ, ನಾಲ್ಕೂ ಗಾಲಿಯಿಂದ ಎಳೆಯುವ ಆ ದೊಡ್ಡ ಗಾಡಿ ಯಾಕೆ ಎಂದು ಓಣಿಯವರು ಕೇಳುತ್ತಾರೆ. ಯಾಕೆಂದರೆ ಆಗ ಸ್ಟಾಫ್ ರೂಮಿನಲ್ಲಿ ನಾವು ನಾಲ್ಕು ಜನ ಗೆಳೆಯರಿದ್ದೆವು. ರಜೆ ಬಂದ ಕೂಡಲೇ ರಸ್ತೆಯೇ ಇಲ್ಲದ ಕಡೆಗೆಲ್ಲ ಹೋಗಬೇಕು ಎಂದು ಮೇಜಿನ ಮೇಲೆ ನಕ್ಷೆ ಹರವಿಕೊಂಡು ಚುರುಮುರಿ ತಿನ್ನುತ್ತಿದ್ದೆವು. ಮಾತು ನಂಬಿ ನಾನು ಗಾಡಿ ತಂದೆ. ತಂದ ಮೇಲೆ ಒಬ್ಬನಿಗೆ ವರ್ಗವಾಯಿತು. ಇನ್ನೊಬ್ಬನಿಗೆ ಬೆನ್ನುನೋವು ಶುರುವಾಯಿತು. ಮೂರನೆಯವನು "ಮನ್ಯಾಗ ಕೇಳಿ ಹೇಳ್ತೇನಿ" ಎಂದು ಹೋದವನು ಇನ್ನೂ ಕೇಳುತ್ತಲೇ ಇದ್ದಾನೆ. ಹೀಗಾಗಿ ಗಾಡಿಯಲ್ಲಿ ನಾನೊಬ್ಬನೇ. ಕಾಯಿಪಲ್ಯದ ಚೀಲವನ್ನೂ ಹಿಂದೆ ಡಿಕ್ಕಿಯಲ್ಲಿ ಇಡುತ್ತೇನೆ, ಸೀಟು ಹೊಲಸಾಗಬಾರದು, ಯಾರಾದರೂ ಬಂದರೆ ಬೇಕಾಗುತ್ತದೆ ಎಂದು.

ಈ ಮಳೆಗಾಲದಲ್ಲಿ ಒಂದು ಭಾನುವಾರ ಇಟ್ಟಂಗಿಹಾಳದ ಹತ್ತಿರ ಎರೆಮಣ್ಣಿನ ದಾರಿಗೆ ಗಾಡಿ ಇಳಿಸಿದೆ. ಅಲ್ಲಿ ಏನು ಕೆಲಸವಿತ್ತು ಎಂದು ಕೇಳಬೇಡಿ. ಭಾನುವಾರವಿತ್ತು, ಅಷ್ಟೇ. ಮನೆಯಲ್ಲಿ ಕೂತರೆ ಗೋಡೆ ಮೈಮೇಲೆ ಬಂದ ಹಾಗಾಗುತ್ತದೆ. ನಾಲ್ಕೂ ಗಾಲಿ ಗರಗರ ತಿರುಗಿದವು, ಗಾಡಿ ಮಾತ್ರ ಕದಲಲಿಲ್ಲ. ಟ್ರ್ಯಾಕ್ಟರ್ ತಂದು ಎಳೆದು ಹಾಕಿದ ಪುಣ್ಯಾತ್ಮ ಬಗ್ಗಿ ನೋಡಿ, "ಏ ಸರ, ಪೂರಾ ಬೋಳಾಗೈತಲ್ರಿ!" ಎಂದ. ನಾನು ಗಾಬರಿಯಾಗಿ ತಲೆ ಮುಟ್ಟಿಕೊಂಡೆ. ಅವನು ಟೈರಿನ ಮಾತಾಡುತ್ತಿದ್ದ.

ಟಿಕೋಟಾ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ, ರಾಜೇಸಾಬನ ಟೈರಿನ ಅಂಗಡಿ. ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ನಲವತ್ತರ ಆಸುಪಾಸಿನ ಮನುಷ್ಯ, ಮಾತು ಶುರುಮಾಡಿದರೆ ಚಹಾ ಆರುವ ತನಕ ನಿಲ್ಲಿಸುವುದಿಲ್ಲ.

"ನೋಡ್ರಿ ಸರ, ಟೈರಿನ್ಯಾಗ ಮೂರು ನಮೂನಿ. ಒಂದು ಡಾಂಬರ್ ರಸ್ತೇದ್ದು, ಸಪ್ಪಳನ ಇಲ್ಲ. ಒಂದು ಕೆಸರಿಂದು, ಎಂಥಾ ಎರಿ ಹೊಲದಾಗಿಂದೂ ಎದ್ದು ಬರತೈತಿ, ಆದ್ರ ಡಾಂಬರ್ ಮ್ಯಾಲೆ ಹಿಟ್ಟಿನ ಗಿರಣಿ ನಡದಂಗ ಸಪ್ಪಳ. ಇನ್ನೊಂದು ನಡುವಿಂದು, ಎಲ್ಲಾದಕ್ಕೂ ಹೊಂದಕೊಂಡು ಹೋಗತೈತಿ. ನಿಮ್ದು ನಾಕೂ ಗಾಲಿ ಎಳಿಯೂ ಗಾಡಿ, ತಗೊಂಡ್ರ ನಾಕೂ ಕೂಡೇ ತಗೋಬೇಕು. ಒಂದು ಹೊಸಾದು, ಒಂದು ಹಳೇದು ಅಂದ್ರ ಒಳಗ ಗೇರಿಗೆ ಪೆಟ್ಟು. ಈಗ ಹೇಳ್ರಿ, ಗಾಡ್ಯಾಗ ಎಷ್ಟ ಮಂದಿ ಅಡ್ಡಾಡ್ತೀರಿ?"

ನೇರ ಪ್ರಶ್ನೆ. ಒಬ್ಬನೇ ಎಂದು ಹೇಳಿದ್ದರೆ ಆಗುತ್ತಿತ್ತು. ಆದರೆ ಅಲ್ಲಿ ಇನ್ನೂ ಇಬ್ಬರು ಗಿರಾಕಿಗಳು ಹೆಂಡತಿ ಮಕ್ಕಳ ಸಮೇತ ನಿಂತಿದ್ದರು, ಬಾಗಿಲು ತೆರೆದೇ ಇದ್ದದ್ದರಿಂದ ನನ್ನ ಗಾಡಿಯ ಏಳೂ ಸೀಟು ಎಲ್ಲರಿಗೂ ಕಾಣುತ್ತಿದ್ದವು. ನನ್ನ ಬಾಯಿಂದ, "ಮನ್ಯಾಗ ಕೇಳಿ ಹೇಳ್ತೇನ್ರಿ" ಎಂದು ಬಂದುಬಿಟ್ಟಿತು. ಗಾಡಿಯಲ್ಲಿ ಎಷ್ಟು ಜನ ಓಡಾಡುತ್ತೀರಿ ಎಂದರೆ ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎನ್ನುವ ಗಂಡ ಬೇರೆ ಊರಿನಲ್ಲಾದರೆ ನಗೆಪಾಟಲಾಗುತ್ತಿದ್ದ. ರಾಜೇಸಾಬ ಮಾತ್ರ ಗಂಭೀರವಾಗಿ ತಲೆಯಾಡಿಸಿದ. "ಕೇಳ್ರಿ, ಕೇಳ್ರಿ. ಕೇಳಲಾರದ ತಗೊಂಡು ಆಮ್ಯಾಲೆ ನೀವೂ ಬೈಸ್ಕೋತೀರಿ, ನನ್ನೂ ಬೈಸ್ತೀರಿ" ಎಂದು ನನ್ನ ಫೋನ್ ನಂಬರ್ ತೆಗೆದುಕೊಂಡ.

ಮರುದಿನ ಸಂಜೆ ಫೋನ್ ಬಂತು. ಸಂಜೆ ಹೊತ್ತಿಗೆ ನನ್ನ ಫೋನಿಗೆ ಸಾಲ ಬೇಕೇ ಎಂದು ಕೇಳುವವರ ಹೊರತು ಯಾರ ಕರೆಯೂ ಬರುವುದಿಲ್ಲ. ಅವರನ್ನೂ ನಾನು ಬೇಗ ಬಿಡುವುದಿಲ್ಲ, ಊರು ಯಾವುದು, ಊಟ ಆಯಿತೇ ಎಂದು ವಿಚಾರಿಸುತ್ತೇನೆ, ಅವರೇ ಇಡುತ್ತಾರೆ. ಈ ಸಲ ಕೇಳಿದ್ದು ರಾಜೇಸಾಬನ ದನಿ: "ಸರ, ಮನ್ಯಾಗ ಏನಂದ್ರು?"

ನಾನು ಸುತ್ತಲೂ ನೋಡಿದೆ. ಫ್ಯಾನು ತಿರುಗುತ್ತಿತ್ತು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. "ಸಪ್ಪಳ ಆಗಬಾರದು ಅಂದ್ರು" ಎಂದೆ.

"ಬರೋಬ್ಬರಿ ಅಂದಾರ. ಹೆಣ್ಣಮಕ್ಕಳಿಗೆ ತಿಳೀತೈತ್ರಿ" ಎಂದು ಅವನು ಖುಷಿಪಟ್ಟ. ಹಾಗಾದರೆ ಡಾಂಬರ್ ರಸ್ತೆಯದೇ ಇರಲಿ ಎಂದ. ಅಲ್ಲಿಗೆ ಮಾತು ಮುಗಿದು, ಫೋನ್ ಇಟ್ಟು, ಮನೆ ಮತ್ತೆ ಮೊದಲಿನಂತೆ ಆಗಿಬಿಡುತ್ತದಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. "ಆದ್ರ ಕೆಸರಿನ್ಯಾಗೂ ಸಿಗಬೀಳಬಾರದಂತ" ಎಂದು ಸೇರಿಸಿದೆ. ಅವನು ಯೋಚಿಸಿ ನಾಳೆ ಹೇಳುತ್ತೇನೆ ಎಂದ.

ಅಲ್ಲಿಂದ ಅದು ದಿನದ ರೂಢಿಯಾಯಿತು. ಸಂಜೆ ಕಾಲೇಜು ಬಿಟ್ಟ ಮೇಲೆ ಒಂದೋ ನಾನು ಅಂಗಡಿಗೆ ಹೋಗುತ್ತಿದ್ದೆ, ಇಲ್ಲವೇ ಅವನ ಫೋನು ಬರುತ್ತಿತ್ತು. ನನ್ನ 'ಮನ್ಯಾಗಿನವರು' ದಿನದಿಂದ ದಿನಕ್ಕೆ ಜೋರಾದರು. ಟೈರಿನ ಗೆರೆ ಆಳವಾಗಿದ್ದರೆ ಸಣ್ಣ ಕಲ್ಲು ಸಿಕ್ಕಿಕೊಳ್ಳುತ್ತದೆ ಎಂದರು. ಗೆರೆ ತೆಳುವಾಗಿದ್ದರೆ ಮಳೆಯಲ್ಲಿ ಜಾರುತ್ತದೆ ಎಂದರು. ಒಂದು ದಿನ ನನಗೆ ಏನೂ ಹೊಳೆಯದೆ, ಟೈರು ತುಂಬಾ ಕಪ್ಪಾಗಿದೆ ಎಂದೂ ಅಂದುಬಿಟ್ಟರು.

"ಸರ, ಟೈರ್ ಎಲ್ಲಾ ಕರೀನ ಇರ್ತಾವಲ್ರಿ!" ಎಂದ ರಾಜೇಸಾಬ, ಪಾಪ.

"ನಾನೂ ಅದನ್ನ ಹೇಳಿದ್ನಿ. ಕೇಳವಲ್ರು" ಎಂದೆ, ನಿಜವಾದ ಗಂಡನ ಹಾಗೆ ನಿಟ್ಟುಸಿರು ಬಿಟ್ಟು. ಆ ನಿಟ್ಟುಸಿರು ನನಗೆ ಎಷ್ಟು ಹಿತವಾಯಿತೆಂದರೆ, ಮನೆಗೆ ಹೋಗಿ ಬಾಗಿಲು ತೆಗೆದು, ದೀಪ ಹಾಕುವ ಮುಂಚೆ, "ಏನ, ಟೈರ್ ಕರೀನ ಇರ್ತಾವ ನೋಡ" ಎಂದು ಗಟ್ಟಿಯಾಗಿ ಹೇಳಿದೆ. ಯಾರೂ ಜಗಳಕ್ಕೆ ಬರಲಿಲ್ಲ.

ನಡುವಿನ ನಮೂನೆಯ ಟೈರಿನ ಸಪ್ಪಳ ಎಷ್ಟಿರುತ್ತದೆ ಎಂದು ಕೇಳಿಸಬೇಕು ಎಂದು ರಾಜೇಸಾಬ ಒಂದು ದಿನ ಅದೇ ಟೈರು ಹಾಕಿದ ತನ್ನ ಪರಿಚಯದವರ ಗಾಡಿ ನೋಡಲು ನನ್ನನ್ನು ಟಿಕೋಟಾಕ್ಕೆ ಹೊರಡಿಸಿದ. ನನ್ನ ಪಕ್ಕದ ಸೀಟಿನಲ್ಲೇ ಕೂತ. ಗಾಡಿ ಹೊರಟ ಕೂಡಲೇ ಎಲ್ಲಿಂದಲೋ ಟೊಂಯ್ ಟೊಂಯ್ ಎಂದು ಶಬ್ದ ಶುರುವಾಯಿತು. ನಾನು ಗಾಡಿ ಕೆಟ್ಟಿತು ಎಂದು ಬದಿಗೆ ಹಾಕಿ, ಇಳಿದು, ಬಾನೆಟ್ ಎತ್ತಿ ನಿಂತೆ. ರಾಜೇಸಾಬ ಒಳಗೇ ಕೂತು ಕೂಗಿದ: "ಸರ, ನಾ ಬೆಲ್ಟ್ ಹಾಕಿಲ್ರಿ, ಅದಕ್ಕ ಒದರಾಕತ್ತೈತಿ!" ಪಕ್ಕದಲ್ಲಿ ಮನುಷ್ಯ ಕೂತು ಬೆಲ್ಟ್ ಹಾಕದಿದ್ದರೆ ನನ್ನ ಗಾಡಿ ಕೂಗುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗಾಡಿ ತಂದು ವರ್ಷಗಳೇ ಆದವು. ಅವನು ವಿಚಿತ್ರವಾಗಿ ನನ್ನ ಮುಖ ನೋಡಿ, ಬೆಲ್ಟ್ ಎಳೆದು ಹಾಕಿಕೊಂಡ.

ಕೊನೆಗೆ ಮಳೆ ಜೋರಾಯಿತು, ಬೋಳು ಟೈರಿನಲ್ಲಿ ಓಡಾಡಬೇಡಿ ಎಂದು ರಾಜೇಸಾಬ ಗದರಿಸಿದ, ನಡುವಿನ ನಮೂನೆಯೇ ಗಟ್ಟಿಯಾಯಿತು. ನಾಲ್ಕೂ ಹಾಕಿ, ಪದ್ಧತಿಯಂತೆ ಒಂದೊಂದರ ಮುಂದೆ ಒಂದೊಂದು ಲಿಂಬೆಹಣ್ಣು ಇಟ್ಟು, "ಹತ್ತಸ್ರಿ ಸರ" ಎಂದ. ಲಿಂಬೆಹಣ್ಣು ಪಚಕ್ಕೆಂದವು. ನನಗೆ ಇನ್ನು ನಾಳೆಯಿಂದ ಇವನ ಫೋನು ಬರುವುದಿಲ್ಲ ಎಂಬುದೊಂದೇ ತಲೆಯಲ್ಲಿ. ಅಷ್ಟರಲ್ಲಿ ಅವನೇ ಕಿಟಕಿಗೆ ಬಂದು, "ಐತವಾರ ಮಮದಾಪುರಕ್ಕ ನಮ್ಮ ಮನಿಗೆ ಊಟಕ್ಕ ಬರ್ರಿ. ನಮ್ಮ ಅಮ್ಮಗ ಹೇಳೇನಿ. ಮನ್ಯಾಗಿನವರನ್ನೂ ಕರಕೊಂಡ ಬರಬೇಕು ಮತ್ತ" ಎಂದ.

ಈಗಲಾದರೂ ಸತ್ಯ ಹೇಳಿಬಿಡೋಣ ಎನಿಸಿತು. "ರಾಜೇಸಾಬ, ಮನ್ಯಾಗ ಯಾರೂ ಇಲ್ರಿ" ಎಂದೆ.

"ಹೌದ್ರ್ಯಾ? ತವರಮನಿಗೆ ಹೋಗ್ಯಾರೇನು? ಇರ್ಲಿ, ನೀವಾರ ಬರ್ರಿ" ಎಂದ.

ನಮ್ಮ ಕಡೆ ಸತ್ಯ ಹೇಳುವುದಕ್ಕೂ ಬೇರೆ ಮಾತು ಹುಡುಕಬೇಕು.

ಭಾನುವಾರ ಬಬಲೇಶ್ವರ ದಾಟಿ, ಕೆರೆಯ ಪಕ್ಕದ ಕೆಸರು ದಾರಿಯಲ್ಲಿ ಮಮದಾಪುರ ಮುಟ್ಟಿದೆ. ಗಾಡಿ ಎಲ್ಲೂ ಜಾರಲಿಲ್ಲ, ಸಪ್ಪಳವೂ ಆಗಲಿಲ್ಲ. ನನ್ನ ಮನ್ಯಾಗಿನವರ ಆಯ್ಕೆ ಚೆನ್ನಾಗಿಯೇ ಇತ್ತು. ಒಳಗೆ ರಾಜೇಸಾಬನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅವನ ತಾಯಿ ನನ್ನ ಎದುರೇ ಕೂತು, ತಟ್ಟೆ ಖಾಲಿಯಾಗಲು ಬಿಡದೆ ಬಡಿಸಿದರು. ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎರಡನೆಯ ರೊಟ್ಟಿಗೆ ಕೈ ಹಾಕಿದಾಗ ಕೇಳಿದರು: "ಹೆಣ್ಣಮಗಳು ಎಂದ ಬರ್ತಾಳಪ್ಪಾ ಊರಿಂದ?"

ಫೋನಿನಲ್ಲಿ ಸುಳ್ಳು ಹೇಳಬಹುದು. ಬಿಸಿ ರೊಟ್ಟಿ ಹಾಕಿದ ಕೈ ನೋಡುತ್ತಾ ಹೇಳಲಾಗಲಿಲ್ಲ. "ಬರೂದಿಲ್ಲಮ್ಮಾ. ನಂದು ಲಗ್ನ ಆಗಿಲ್ಲ."

ರಾಜೇಸಾಬನ ಕೈಯ ತುತ್ತು ಅಲ್ಲೇ ನಿಂತಿತು. "ಮತ್ತ ಸಪ್ಪಳ ಆಗಬಾರದು ಅಂದಾವ್ರು ಯಾರ್ರಿ ಸರ?"

"ನಾನ."

"ಟೈರ್ ಭಾಳ ಕರಿ ಅದಾವು ಅಂದಾವ್ರು?"

"ಅದೂ ನಾನ."

"ಯಪ್ಪಾ! ಸರರ ಮನ್ಯಾಗ ಭಾಳ ಜೋರು ಅದಾರ, ಪಾಪ, ಅವರ ಜೀವಾ ತಿನ್ನಾಕತ್ತಾರ ಅಂತ ನಾ ಇಲ್ಲಿ ದಿನಾ ಹೇಳಾಕತ್ತಿದ್ನಲ್ರಿ!" ಎಂದ. ಒಳಗೆ ರೊಟ್ಟಿಯ ಬಡಿತ ನಿಂತು, ನಗೆ ಕೇಳಿಸಿತು. ಅವನೂ ನಕ್ಕ. ನಾನು ತಲೆ ಎತ್ತಲಿಲ್ಲ. ಅಮ್ಮ ಮಾತ್ರ ನಗಲಿಲ್ಲ, ಇನ್ನೊಂದು ರೊಟ್ಟಿ ಹಾಕಿದರು.

ನನ್ನ ಸಂಕಟ ನೋಡಲಾಗದೆ ರಾಜೇಸಾಬ ಮಾತು ಬದಲಿಸಿದ. "ಅದಿರ್ಲಿ ಸರ, ನಾಕು ಆದವು. ಹಿಂದ ಸ್ಟೆಪ್ನಿ ಹಳೇದ ಉಳೀತಲ್ಲ, ಅದನ್ನೇನ್ ಮಾಡ್ತೀರಿ?"

"ಮನ್ಯಾಗ ಕೇಳಿ..." ಎಂದು ರೂಢಿಯಂತೆ ಬಾಯಿ ಹೊರಟೇಬಿಟ್ಟಿತು. ಅರ್ಧಕ್ಕೆ ಕಚ್ಚಿಕೊಂಡೆ.

ಅಮ್ಮ ಮೊಸರಿನ ಸೌಟು ಹಿಡಿದುಕೊಂಡೇ ಅಂದರು: "ಇದೂ ಮನಿನ ಅಲ್ಲೇನೋ ಯಪ್ಪಾ? ಇಲ್ಲೇ ಕೇಳು."

ಕಣ್ಣಲ್ಲಿ ನೀರು ಬಂತು. ಖಾರ ಹತ್ತಿತು ಎಂದೆ. ಬಾಯಲ್ಲಿದ್ದದ್ದು ಮೊಸರು. ಅದನ್ನು ನುಂಗಿ, ಜೀವನದಲ್ಲಿ ಮೊದಲ ಸಲ ಮನ್ಯಾಗ ಕೇಳಿದೆ: "ಬದಲ ಮಾಡ್ಲ್ಯಾ ಅಮ್ಮಾ? ಗಾಡಿ ತಂದಾಗಿಂದ ಬೆನ್ನಿಗೇ ಐತಿ, ಒಮ್ಮೆನೂ ಕೆಳಗ ಇಳದಿಲ್ಲ."

"ಒಮ್ಮೆನೂ ನಡದಿಲ್ಲಂದ್ರ ಹೊಸಾದ ಇರಬೇಕಲ್ಲ. ಯಾಕ ಒಗಿತಿ? ಈಗ ಹಚ್ಚಿದ್ರೂ ನಡೀತೈತಿ."

"ಹಂಗಲ್ಲಮ್ಮಾ," ಎಂದ ರಾಜೇಸಾಬ, "ನಡೀಲಿಲ್ಲಂದ್ರೂ ವಯಸ್ಸ ಆಗತೈತಿ. ಕುಂತಲ್ಲೇ ಕುಂತು ರಬ್ಬರ್ ಬಿರಸಾಗತೈತಿ."

"ಆದ್ರೇನಾತು? ನೋಡಾಕ ಚಲೋನ ಐತಲ್ಲ" ಎಂದರು ಅಮ್ಮ.

ಅವರಿಬ್ಬರೂ ಸ್ಟೆಪ್ನಿಯ ಬಗ್ಗೆಯೇ ಮಾತಾಡುತ್ತಿದ್ದರು ಎಂದು ನಾನು ಈಗಲೂ ನಂಬಿದ್ದೇನೆ. ಆದರೆ ಗಾಡಿ ಹೊರಗೆ ನಿಂತಿತ್ತು. ಇಬ್ಬರೂ ನೋಡುತ್ತಿದ್ದದ್ದು ನನ್ನನ್ನು.