ನಾನು ನಡೆದೆ, ಸುದ್ದಿ ಓಡಿತು

ನಾನು ಬಾಗಿಲಲ್ಲಿ ಸುಮ್ಮನೆ ಕೂತಿದ್ದರೂ ಯಾವುದಾದರೂ ಒಂದು ಪ್ರಸಂಗ ಬಂದು ಕಾಲಿಗೆ ತೊಡರಿಕೊಳ್ಳುತ್ತೆ. ಇನ್ನು ಅಜ್ಜಂಪುರದಿಂದ ಲಿಂಗದಹಳ್ಳಿಗೆ ಒಬ್ಬಳೇ ನಡೆದರೆ ಬಿಡುತ್ತಾ?

ಲಿಂಗದಹಳ್ಳಿಯಲ್ಲಿ ನನ್ನ ತಂಗಿ ಇದ್ದಾಳೆ. ತನ್ನ ಮೊಮ್ಮಗಳ ಮದುವೆಗೆ ಅವಳು ನನ್ನ ಹೊಸಿಲು ದಾಟಿ ಬಂದು, ಕುಂಕುಮ ಇಟ್ಟು ಕರೀಲಿಲ್ಲ. ವಾಟ್ಸಾಪಿನಲ್ಲಿ ಪತ್ರಿಕೆ ಕಳಿಸಿದಳು. ಒಡಹುಟ್ಟಿದ ಅಕ್ಕನಿಗೆ! ಫೋನಿನೊಳಗಿನ ಕುಂಕುಮ ಹಣೆಗೆ ಹತ್ತುತ್ತಾ? ನಾನು ಹೋಗಲಿಲ್ಲ. "ಬರದೇ ಇದ್ದಿದ್ದೇ ವಾಸಿ, ಅವಳ ಬಾಯಿಗೆ ಮುಚ್ಚಳ ಇಲ್ಲ" ಅಂತ ಊಟದ ಪಂಕ್ತಿಯಲ್ಲೇ ಅಂದಳಂತೆ. ಅವತ್ತಿಂದ ಮಾತು ಬಂದ್.

ಈಗ ಆ ಮೊಮ್ಮಗಳು ಹೆತ್ತು, ಬಾಣಂತನಕ್ಕೆ ಅದೇ ಮನೆಗೆ ಬಂದಿದ್ದಾಳೆ. ಕೂಸಿನ ಮುಖ ನೋಡಬೇಕು, ಆದರೆ ಕರೆಯದ ಮನೆಗೆ ಹೋಗಿ ತಲೆ ಬಗ್ಗಿಸಬಾರದು. ಮಠದ ಬುದ್ಧಿಯೋರನ್ನ ಕೇಳಿದೆ. "ತಾಯಿ, ಆ ಊರ ಗಡಿವರೆಗೂ ಒಬ್ಬರೇ ನಡೀರಿ. ದಾರಿಯಲ್ಲಿ ಹೊರಗಿನವರ ಮಾತು ಬೇಡ, ನಿಮ್ಮ ವಿಚಾರ ಮಾತ್ರ. ಒಳಗೆ ಹೋಗೋದೋ ವಾಪಸ್ ಬರೋದೋ, ಅಲ್ಲಿ ತಾನೇ ಹೊಳೆಯುತ್ತೆ" ಅಂದರು.

ನನ್ನ ವಿಚಾರವಾ? ಇಷ್ಟು ವರ್ಷ ಊರಿನವರ ವಿಚಾರಕ್ಕೇ ಹೊತ್ತು ಸಾಲ್ತಿರಲಿಲ್ಲ.

ಗಂಟು

ಸೊಸೆ ರೊಟ್ಟಿ, ಚಟ್ನಿಪುಡಿ ಗಂಟು ಕಟ್ಟಿ ಕೊಟ್ಟಳು. ನಮ್ಮ ಯಜಮಾನರಿಗೆ "ಲಿಂಗದಹಳ್ಳಿಗೆ ನಡ್ಕೊಂಡು ಹೋಗ್ತೀನಿ" ಅಂತ ಕೂಗಿದೆ. "ಸರಿ, ಸಕ್ಕರೆ ಕಮ್ಮಿ ಹಾಕು" ಅಂದರು. ಅವರಿಗೆ ಕಿವಿ ಮಂದ, ನಮ್ಮ ಸಂಸಾರ ನಿಂತಿರೋದೇ ಅದರ ಮೇಲೆ.

ನಮ್ಮ ಕಡೆ ಮುದುಕಿ ಗಂಟು ಹಿಡಿದು ಬಸ್ಸು ಹತ್ತಿದರೆ ನೆಂಟರ ಮನೆಗೆ, ಗಂಟು ಹಿಡಿದು ನಡೆದರೆ ಮನೇಲಿ ಜಗಳ. ಹೆಂಗಸರಿಗೆ ಬಸ್ಸು ಬಿಟ್ಟಿ ಆದಮೇಲಂತೂ ನಡೆಯೋಕೆ ಬೇರೆ ಕಾರಣವೇ ಉಳಿದಿಲ್ಲ. ಮೂಲೆ ಅಂಗಡಿಯವಳು ಓಡಿ ಬಂದಳು.

"ಏನಜ್ಜಿ, ಸೊಸೆ ಏನಂದ್ಲು?"

"ಏನೂ ಅನ್ನಲಿಲ್ಲ ಕಣೇ."

"ಅಯ್ಯೋ ಶಿವನೇ! ಮಾತೂ ಬಿಟ್ಬಿಟ್ಲಾ?"

ಕಾವಲಿನ ಹೋರಿ

ಊರು ದಾಟಿದ ಮೇಲೆ ಕಾವಲು. ಅಲ್ಲಿ ಅಮೃತಮಹಲ್ ದನಗಳು ಮೇಯ್ತವೆ. ಕೋಲೂರಿಕೊಂಡು ನನ್ನ ವಿಚಾರ ಯೋಚಿಸೋಕೆ ಶುರು ಮಾಡಿದೆ. ನಾನು ಹುಟ್ಟಿದೆ, ಮದುವೆಯಾದೆ... ಮದುವೆ ಅಂದ ಕೂಡಲೇ ನಮ್ಮ ಬೀದಿಯ ಮೇಸ್ತ್ರಿ ಎರಡನೇ ಸಂಸಾರ ಕಡೂರಲ್ಲಿ ಇಟ್ಟಿರೋದು ನೆನಪಾಯ್ತು. ಥೂ ಅಂತ ಕೆನ್ನೆಗೆ ಹೊಡ್ಕೊಂಡು ತಲೆಯೆತ್ತಿದೆ. ಕತ್ತಿಯಂಥ ಕೊಂಬಿನ ಹೋರಿಯೊಂದು ದಾರಿಗೆ ಅಡ್ಡ ನಿಂತಿದೆ.

"ಅಜ್ಜೀ, ಬಾಯಿ ಬಿಡಬೇಡ! ಹೊಸ ದನಿ ಕೇಳಿದ್ರೆ ಹಾಯ್ತದೆ!" ಅಂತ ದನ ಕಾಯೋನು ದೂರದಿಂದ ಕೂಗಿದ.

ನಿಂತೆ. ತುಟಿ ಬಿಗಿ ಹಿಡಿದು ನಿಂತೆ. ಹೋರಿ ನನ್ನ ಮುಖವನ್ನೇ ನೋಡಿ, ಬೇಜಾರಾಗಿ ಹೋಯ್ತು. ನನ್ನ ಬಾಯಿ ಮುಚ್ಚಿಸಿದ ಗಂಡು ಪ್ರಾಣಿ ಈ ಜನ್ಮದಲ್ಲಿ ಅದೊಂದೇ.

ದನ ಕಾಯೋನು ಹತ್ತಿರ ಬಂದು ಫೋನು ತೋರಿಸಿ ಕೇಳಿದ: "ಸೊಸೆ ಹೊರಗೆ ಹಾಕಿದ ಅಜ್ಜಿ ನೀನೇನಾ? ನಿನ್ನ ಸುದ್ದಿ ಬಂದು ಬಾಳ ಹೊತ್ತಾಯ್ತು, ನೀನ್ಯಾಕೆ ಇಷ್ಟು ಲೇಟು?"

ಬಳೆ ಅಂಗಡಿ

ಆ ರಾತ್ರಿ ತರೀಕೆರೆಯ ಒಂದು ಮಠದ ಜಗಲಿ ಮೇಲೆ ಮಲಗಿ, ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹತ್ತಿರದ ಬಳೆ ಅಂಗಡಿಯ ಬೆಂಚಿನ ಮೇಲೆ ಕೂತೆ. ಅಂಗಡಿಯ ಬೀಬಿ ಇಬ್ಬರು ಹೆಂಗಸರಿಗೆ ಬಳೆ ತೊಡಿಸ್ತಾ ಹೇಳ್ತಿದ್ದಳು: "ಅರೆ ಅಮ್ಮಾ, ಅಜ್ಜಂಪುರದಲ್ಲಿ ಒಂದು ಸೊಸೆ, ಅತ್ತೇನ ಲಟ್ಟಣಿಗೇಲಿ ಬಾರಿಸಿ ಓಡಿಸಿದ್ಲಂತೆ!"

ಎಂಥ ರುಚಿ! ನನ್ನ ಕಥೆಯೇ ಬೇರೆಯವರ ಬಾಯಲ್ಲಿ ಕೇಳೋ ಭಾಗ್ಯ ಎಷ್ಟು ಜನಕ್ಕಿದೆ? ಆದರೆ ಪಾಪ, ಚಿನ್ನದಂಥ ಸೊಸೆ ಮೇಲೆ ಅಪವಾದ. ತಿದ್ದಬೇಕು. ಹೊರಗಿನವರ ಮಾತು ತಾನೇ ಆಡಬಾರದು? ಇದು ನನ್ನದೇ ಸ್ವಂತ ವಿಷಯ.

"ಸೊಸೆದು ತಪ್ಪಿಲ್ಲ ಕಣ್ರವ್ವ" ಅಂತ ನಡುವೆ ಬಾಯಿ ಹಾಕಿದೆ. "ಆ ಮುದುಕಿ ಲಿಂಗದಹಳ್ಳಿಯ ತಂಗಿ ಮನೆಗೆ, ಕೂಸಿನ ಮುಖ ನೋಡೋಕೆ ಬರಿಗಾಲಲ್ಲಿ ಹೊರಟಿದ್ದಾಳಂತೆ. ತಂಗಿ ಮಾತ್ರ, ಅಕ್ಕ ಬಂದರೂ ಬಾಗಿಲು ತೆಗೆಯಲ್ಲ ಅಂತ ಚಿಲಕ ಹಾಕ್ಕೊಂಡು ಕೂತಿದ್ದಾಳಂತೆ!"

ಹೇಳ್ತಾ ಹೇಳ್ತಾ ಚಪ್ಪಲಿ ಹಾಕಿದ ಕಾಲನ್ನ ಸೀರೆಯೊಳಗೆ ಎಳ್ಕೊಂಡೆ. ಬೀಬಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನಗೆ ಟೀ ತರಿಸಿದಳು. ಬಳೆ ತೊಡ್ತಿದ್ದ ಹೆಂಗಸರು ಲಿಂಗದಹಳ್ಳಿಯವರು. ಒಂದು ಕೈಗೆ ಬಳೆ, ಇನ್ನೊಂದು ಕೈ ಬೋಳು, ಹಾಗೇ ಎದ್ದು ಬಸ್ಸಿಗೆ ಓಡಿದರು.

ಗಡಿ

ಲಿಂಗದಹಳ್ಳಿಯ ಗಡಿ ಕಂಡಿತು. ಹೋಗೋದೋ, ತಿರುಗೋದೋ? ಏನೂ ಹೊಳೀಲಿಲ್ಲ. ಕಾಲು ಮುಂದಕ್ಕೆ ಅಂತು, ಮೂಗು ಹಿಂದಕ್ಕೆ ಅಂತು.

ಅಷ್ಟರಲ್ಲಿ ಊರೊಳಗಿಂದ ಒಂದು ಆಟೋ ಬುರ್ರಂತ ಬಂತು. ಇಳಿದವಳು ನನ್ನ ತಂಗಿ. ತಲೆಗೆ ಅರ್ಧ ಎಣ್ಣೆ, ಕೈಯಲ್ಲಿ ಕುಂಕುಮದ ಬಟ್ಟಲು, ಬಾಯಲ್ಲಿ ಬೆಂಕಿ.

"ಯಾವಳೇ ಹೇಳಿದ್ದು, ನಾನು ಚಿಲಕ ಹಾಕ್ಕೊಂಡಿದ್ದೀನಿ ಅಂತ? ಊರೆಲ್ಲ ಬಂದು ನನ್ನ ಬಾಗಿಲು ನೋಡಿ ಹೋಗ್ತಿದೆ!"

"ಯಾವಳೋ ಇರಬೇಕು ಬಿಡು" ಅಂದೆ. "ಬಾಯಿಗೆ ಮುಚ್ಚಳ ಇಲ್ಲದೋಳು."

ಅವಳ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. ಬೆರಳು ಅದ್ದಿ ಹತ್ತಿರ ಬಂದಳು. "ತಡಿ" ಅಂದು ಕೋಲನ್ನ ನಮ್ಮಿಬ್ಬರ ನಡುವೆ ರಸ್ತೆಗೆ ಅಡ್ಡ ಇಟ್ಟೆ. "ಇದು ನನ್ನ ಹೊಸಿಲು. ದಾಟಿ ಬಂದು ಕರಿ."

ಹಿಂದೆ ಬಸ್ಸು ಹಾರ್ನ್ ಹೊಡೀತು. "ಅಕ್ಕತಂಗೀರ ವ್ಯವಹಾರ, ಸ್ವಲ್ಪ ತಡೀರಿ ಸಾರ್!" ಅಂತ ಆಟೋದವನು ಕೈ ಅಡ್ಡ ಹಿಡಿದ. ತಂಗಿ ಸೀರೆ ಎತ್ತಿ ಕೋಲು ದಾಟಿದಳು, ಹಣೆ ತುಂಬ ಕುಂಕುಮ ಬಳಿದಳು. "ಮನೆಗೆ ಬಾರಕ್ಕಾ" ಅಂದವಳು ಅತ್ತುಬಿಟ್ಟಳು. ನಾನು ಅಳಲಿಲ್ಲ. ಗೆದ್ದವರು ಅಳಬಾರದು. ಆಟೋದಲ್ಲಿ ಕೂತಮೇಲೆ ಸ್ವಲ್ಪ ಅತ್ತೆ.

ಅವಳು ಕಣ್ಣೊರೆಸಿ ನನ್ನ ಕಾಲು ನೋಡಿದಳು. "ಬರಿಗಾಲು ಅಂದ್ರಲ್ಲ?"

"ಕೂಸಿಗೆ ಯಾರ ಮೂಗು ಬಂದಿದೆ?" ಅಂದೆ.

ನನ್ನದೇ ಬಂದಿತ್ತು.

ವಾಪಸ್ ಬಂದು ಬುದ್ಧಿಯೋರಿಗೆ ಅಡ್ಡಬಿದ್ದೆ. "ದಾರಿಯಲ್ಲಿ ಹೊರಗಿನವರ ಮಾತು ಆಡಲಿಲ್ಲ ತಾನೇ?" ಅಂದರು.

"ಇಲ್ಲ ಬುದ್ಧಿ. ದಾರಿಯುದ್ದಕ್ಕೂ ನನ್ನ ಮಾತೇ."

"ಮತ್ತೆ, ತಂಗಿ ಚಿಲಕ ಹಾಕ್ಕೊಂಡಿದ್ದಾಳೆ ಅಂತ ತರೀಕೆರೆಯಲ್ಲಿ ಹೇಳಿದ್ರಂತೆ?"

ಸುದ್ದಿ ಮಠಕ್ಕೂ ನನಗಿಂತ ಮೊದಲೇ ಬಂದುಬಿಟ್ಟಿದೆ! ಕೈ ಮುಗಿದು ಕೇಳಿದೆ:

"ತಂಗಿ ಹೊರಗಿನೋಳಾ ಬುದ್ಧಿ?"