ಇನ್‌ಕ್ಯುಬೇಟರಿಗೆ ಆಯುಧ ಪೂಜೆ

ಸುಮ್ಮನೆ ಕೂರೋಕೆ ಬರದವರಿಗೆ ಏನೇನು ಆಗಬೇಕೋ ಅದೆಲ್ಲ ನನಗೆ ಆಗುತ್ತಲೇ ಇರುತ್ತೆ. ಹಾಲು ಕಾಯೋಕಿಟ್ಟರೆ ನಿಮಿಷಕ್ಕೊಂದು ಸಲ ಇಣುಕುವವಳು ನಾನು. ಮೆಟ್ರೋ ಬಂತಾ ಅಂತ ಕತ್ತು ಚಾಚಿ, ಹಳದಿ ಗೆರೆ ದಾಟಿ, ಹೊಸಹಳ್ಳಿ ಸ್ಟೇಷನ್ನಿನಲ್ಲಿ ದಿನಾ ಸೀಟಿ ಊದಿಸಿಕೊಳ್ಳುತ್ತೇನೆ. ಇಂಥವಳು ಪಿಎಚ್‌ಡಿಗೆ ಆರಿಸಿಕೊಂಡಿದ್ದು ಜೀವಕೋಶಗಳು ತಮ್ಮ ಪಾಡಿಗೆ ಬೆಳೆಯೋದನ್ನು ಕಾಯುವ ಕೆಲಸ. ಬುದ್ಧಿ ಇದ್ದವರು ಮಾಡುವ ಕೆಲಸವಾ ಇದು?

೧. ಪ್ಲಂಬರ್ ಕಂಡುಹಿಡಿದಿದ್ದು

ಅಡುಗೆಮನೆ ಪೈಪು ಸೋರುತ್ತಿತ್ತು. ಕಾಮಾಕ್ಷಿಪಾಳ್ಯದಿಂದ ಬಂದ ಪ್ಲಂಬರ್ ಹಳೇ ಪೈಪು ಕುಯ್ಯುತ್ತಾ, "ನೀವೇನ್ ಕೆಲ್ಸ ಮಾಡ್ತೀರಾ ಮೇಡಂ?" ಅಂದರು.

"ನಂದೂ ಪೈಪಿನ ಕೆಲ್ಸಾನೇ ಅಣ್ಣಾ. ಕಿಡ್ನಿ ಒಳಗೆ ಸಣ್ಣ ಸಣ್ಣ ಕೊಳವೆ ಇರ್ತವೆ. ಜೀವಕೋಶಗಳ ಮೈಮೇಲೆ ಒಂದು ಪ್ರೋಟೀನ್ ಇರುತ್ತೆ. ಅದರಿಂದ ಒಂದನ್ನೊಂದು ಹಿಡ್ಕೊಂಡು ಸುತ್ತ ನಿಂತ್ಕೊಂಡ್ರೆ ಕೊಳವೆ ಆಗುತ್ತೆ. ಲ್ಯಾಬಲ್ಲಿ ಅದನ್ನ ಮಾಡಿ ನೋಡ್ತೀವಿ."

"ಓ, ನಮ್ ಸೊಲ್ಯೂಷನ್ ಇದ್ದಂಗೆ," ಅಂತ ಕೈಲಿದ್ದ ಅಂಟಿನ ಡಬ್ಬಿ ತೋರಿಸಿದರು. "ಮಧ್ಯ ತೂತು ಹೆಂಗೆ ಬೀಳುತ್ತೆ?"

ಹಿಂದಿನ ವಾರ ನನ್ನ ಗೈಡ್ ಕೇಳಿದ್ದೂ ಇದನ್ನೇ. "ಮೂರು ವರ್ಷದಿಂದ ಅದನ್ನೇ ನೋಡ್ತಾ ಇದೀನಿ."

"ಎಷ್ಟು ಪೈಪ್ ಆಯ್ತು?"

"ಇನ್ನೂ ಒಂದೂ ಆಗಿಲ್ಲ."

ಪಾಪ ಅನ್ನಿಸಿತೇನೋ, ಹೊಸ ಪೈಪಿಗೆ ಅಂಟು ಬಳಿದು ಜೋಡಿಸಿದರು. ಹೊರಡುವಾಗ, "ಎರಡು ಗಂಟೆ ನಲ್ಲಿ ಮುಟ್ಟಬೇಡಿ," ಅಂತ ಎರಡೆರಡು ಸಲ ಹೇಳಿದರು. ಅವರ ಸ್ಕೂಟರ್ ಬೀದಿ ತಿರುಗುವ ಮೊದಲೇ, ಅಂಟಿದೆಯಾ ನೋಡೋಣ ಅಂತ ನಾನು ನಲ್ಲಿ ತಿರುಗಿಸಿದೆ. ಜಾಯಿಂಟ್ ಕಿತ್ತುಕೊಂಡು ಬಂತು. ನೆತ್ತಿಯಿಂದ ಕಾಲಿನವರೆಗೆ ತೊಯ್ದು, ನಿಂತಲ್ಲಿಂದಲೇ ಫೋನ್ ಮಾಡಿ ನಡೆದದ್ದು ಹೇಳಿದೆ.

"ಮೇಡಂ," ಅಂದರು ಪ್ಲಂಬರ್, "ನಿಮ್ ಕಿಡ್ನಿ ಪೈಪ್ ಯಾಕಾಗ್ತಿಲ್ಲ ಅಂತ ನಂಗೀಗ ಗೊತ್ತಾಯ್ತು."

೨. ಕ್ಯಾಲೆಂಡರಿನ ಗೀಟುಗಳು

ನಮ್ಮ ಲ್ಯಾಬು ಕೆಂಗೇರಿ ಕಡೆ. ಅಲ್ಲಿ ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯೇ ಇನ್‌ಕ್ಯುಬೇಟರ್. ಎರಡು ತಟ್ಟೆ ಇಡುತ್ತಿದ್ದೆ. ಒಂದರಲ್ಲಿ ಪ್ರೋಟೀನ್ ಇರುವ ಕೋಶಗಳು, ಇನ್ನೊಂದರಲ್ಲಿ ಅದನ್ನು ತೆಗೆದುಹಾಕಿದ ಕೋಶಗಳು. ಮೊದಲನೆಯದರಲ್ಲಿ ಕೊಳವೆ ಆಗಬೇಕು, ಎರಡನೆಯದರಲ್ಲಿ ಆಗಬಾರದು. ನನಗೆ ಎರಡರಲ್ಲೂ ಆಗುತ್ತಿರಲಿಲ್ಲ.

ಗೈಡ್ ಕರೆದು ಹೇಳಿದರು: "ನೋಡಮ್ಮಾ, ದಸರಾ ವಾರ ಮುಗಿಯೋದ್ರೊಳಗೆ ಒಂದಾದ್ರೂ ಕೊಳವೆ ತೋರಿಸು. ಇಲ್ಲಾಂದ್ರೆ ಬೇರೆ ಟಾಪಿಕ್ ತಗೊಳ್ಳೋಣ." ಅಂದರೆ ಮೂರು ವರ್ಷ ನೀರಲ್ಲಿ ಹೋಮ. ಆಮೇಲೆ ಬಾಗಿಲು ತೆಗೆಯೋದು, ತಟ್ಟೆ ಮೈಕ್ರೋಸ್ಕೋಪಿನಡಿ ಇಡೋದು, ಏನೂ ಇಲ್ಲ ಅಂತ ವಾಪಸ್ ಇಡೋದು, ಕಾಫಿ ಅರ್ಧ ಕುಡಿದು ಮತ್ತೆ ಬಾಗಿಲು ತೆಗೆಯೋದು, ಇದೇ ಆಯಿತು.

ನಮ್ಮ ಅಟೆಂಡರ್ ಹಣೆ ತುಂಬಾ ವಿಭೂತಿ ಹಚ್ಚಿಕೊಂಡು ಬರುವ ಹಿರಿಯರು. ನಾನು ಬಾಗಿಲು ತೆಗೆದಾಗಲೆಲ್ಲ ಗೋಡೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಸಂಜೆ ಹೊತ್ತಿಗೆ ಆ ದಿನದ ಚೌಕ ತುಂಬಿ ಗೀಟುಗಳು ಪಕ್ಕದ ದಿನಕ್ಕೆ ದಾಟಿದ್ದವು.

"ಇಡ್ಲಿ ಪಾತ್ರೆ ಮುಚ್ಚಳಾನ ಇಷ್ಟು ಸಲ ತೆಗೆದಿದ್ರೆ ನಮ್ಮನೇಲಿ ಇವತ್ತಿಗೂ ತಿಂಡಿ ಆಗ್ತಿರ್ಲಿಲ್ಲ," ಅಂದರು.

೩. ಹೂವಿನ ಬೀಗ

ಗಡುವಿನೊಳಗೆ ಉಳಿದದ್ದು ಕೊನೆಯ ಎರಡು ತಟ್ಟೆ. ಉಂಡೆ ಕಟ್ಟಿದ್ದ ಕೋಶಗಳು ಕವಲು ಚಾಚಿ ಕೊಳವೆಯಾಗಲು ಎರಡು ದಿನ ಬೇಕು. ಅವನ್ನು ಒಳಗಿಟ್ಟು, ಕೈ ತೊಳೆದು ಬರುವಷ್ಟರಲ್ಲಿ ಆಯುಧ ಪೂಜೆ ಮುಗಿದಿತ್ತು. ಕರ್ಪೂರ, ಕುಂಬಳಕಾಯಿ ಎಲ್ಲ ಕಟ್ಟಡದ ಹೊರಗೆ ಅಂತ ಗೈಡ್ ಕಟ್ಟಪ್ಪಣೆ ಮಾಡಿದ್ದರಿಂದ ಅಟೆಂಡರ್ ಪೂರ್ತಿ ಭಕ್ತಿಯನ್ನು ಇನ್‌ಕ್ಯುಬೇಟರಿನ ಮೇಲೆ ತೋರಿಸಿದ್ದರು. ಬಾಗಿಲಿಗೆ ಮೂರು ಪಟ್ಟೆ ವಿಭೂತಿ, ಕುಂಕುಮ. ಹಿಡಿಕೆಯ ಸುತ್ತ ಅರಿಶಿನದ ದಾರ, ಅದರ ಮೇಲೆ ಚೆಂಡುಹೂವಿನ ಹಾರ ಸುತ್ತಿ ಸುತ್ತಿ ಗಂಟು.

"ಒಂದೇ ಸಲ ನೋಡ್ತೀನಿ," ಅಂದೆ.

"ಪೂಜೆ ಆದ್ಮೇಲೆ ಆಯುಧ ಮುಟ್ಟಂಗಿಲ್ಲ ಮೇಡಂ. ನಾಡಿದ್ದು ಬೆಳಗ್ಗೆ ಮಂಗಳಾರತಿ ಮಾಡಿ ನಾನೇ ಬಿಚ್ತೀನಿ."

"ಕೋಶಗಳು ಸತ್ತೋದ್ರೆ?"

"ನೀವು ನೋಡ್ದೇ ಇದ್ರೆ ಸಾಯಲ್ಲ."

ಗೈಡ್ ಹತ್ತಿರ ದೂರು ಒಯ್ದೆ. ಅವರು ಬಾಯಿ ತುಂಬಾ ಪುರಿ ಹಾಕಿಕೊಂಡು, "ಸಂಪ್ರದಾಯ ಅಲ್ವೇನಮ್ಮಾ," ಅಂದರು. ವಿಜಯದಶಮಿ ದಿನ ಮನೆಯಲ್ಲಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಫ್ರಿಜ್ಜಿನ ಬಾಗಿಲನ್ನಾದರೂ ತೆಗೆದು ತೆಗೆದು ನೋಡಿ ಸಮಾಧಾನ ಮಾಡಿಕೊಂಡೆ.

ಮಾರನೇ ಬೆಳಗ್ಗೆ ಅಟೆಂಡರ್ ನಿಧಾನವಾಗಿ ಗಂಟು ಬಿಚ್ಚಿದರು. ತಟ್ಟೆಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನಡಿ ಇಟ್ಟೆ. ಮೊದಲನೆಯದರಲ್ಲಿ ಶಾವಿಗೆ ಹರಡಿದ ಹಾಗೆ ಕೊಳವೆಗಳು, ಒಳಗೆ ಸ್ಪಷ್ಟವಾಗಿ ತೂತು. ಎರಡನೆಯದರಲ್ಲಿ ಪ್ರೋಟೀನ್ ಇಲ್ಲದ ಕೋಶಗಳು ದಿಕ್ಕಾಪಾಲಾಗಿ ಬಿದ್ದಿದ್ದವು. ನನಗೆ ಅಳುವೇ ಬಂತು.

ಗೈಡ್ ನೋಡಿ ನೋಡಿ, "ಈ ಸಲ ಬೇರೆ ಏನು ಮಾಡಿದೆ?" ಅಂದರು.

"ಏನೂ ಮಾಡ್ಲಿಲ್ಲ ಸಾರ್."

"ಟಾಪಿಕ್ ಇದೇ ಇರಲಿ. ಆದ್ರೆ ಒಂದು ಸಲ ಬಂದಿದ್ದನ್ನ ಯಾರೂ ನಂಬಲ್ಲ. ಇನ್ನೂ ಎರಡು ಸಲ ಹೀಗೇ ಏನೂ ಮಾಡಬೇಡ."

ಸೋಮವಾರ ಹೊಸ ತಟ್ಟೆಗಳನ್ನಿಟ್ಟು, ಕಾಫಿ ಅರ್ಧ ಕುಡಿದು ಓಡಿ ಬಂದೆ. ಇನ್‌ಕ್ಯುಬೇಟರಿನ ಬಾಗಿಲಿಗೆ ವಿಭೂತಿ, ಹಿಡಿಕೆಗೆ ಹೊಸ ಹಾರ, ಗಂಟಿನ ಮೇಲೆ ಗಂಟು. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಅಟೆಂಡರ್ ಕೂತಿದ್ದರು.

"ಹಬ್ಬ ಮುಗೀತಲ್ಲ," ಅಂದೆ.

"ಊರೋರಿಗೆ ಮುಗೀತು ಮೇಡಂ," ಅಂದರು. "ನೀವು ಥೀಸಿಸ್ ಕೊಡೋವರೆಗೂ ಇಲ್ಲಿ ದಿನಾ ಆಯುಧ ಪೂಜೆ. ಸಾರ್ ಆರ್ಡರ್ ಮಾಡಿದಾರೆ."