ಸಿದರಾಯ ಮಾಸ್ತರರ ದುಂಡು ಹಟ್ಟಿ

ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಸಿದರಾಯ ಮಾಸ್ತರರು ಅಂದು ಮುಂಜಾನೆ ಚಹಾದ ಬಸಿ ಕೆಳಗಿಡುವ ಮೊದಲೇ ಒಂದು ಪ್ರತಿಜ್ಞೆ ಮಾಡಿಬಿಟ್ಟರು. ಈ ಸಲ ಹೊಲದಲ್ಲಿ ಕುರಿ ನಿಲ್ಲಿಸುವ ಕೆಲಸ ಗಣಿತದ ಪ್ರಕಾರವೇ ಆಗತಕ್ಕದ್ದು! ತೆಲಸಂಗದ ಸುತ್ತಿನ ರೈತರು ಮುತ್ತಜ್ಜನ ಕಾಲದಿಂದ ಮಾಡಿಕೊಂಡು ಬಂದ ತಪ್ಪನ್ನು ತಾವು ಒಂದೇ ಹಂಗಾಮಿನಲ್ಲಿ ತಿದ್ದಿ ತೋರಿಸುವುದಾಗಿ ಹೆಂಡತಿ ತಾರವ್ವನಿಗೆ ಸಾರಿದರು. ತಾರವ್ವ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಲಿಲ್ಲ.

ಹೊಲ ತಾರವ್ವನದು. ಅವಳ ಅಪ್ಪ ಅರಿಷಿಣ ಕುಂಕುಮಕ್ಕೆಂದು ಕೊಟ್ಟದ್ದು, ಎಕರೆಗೆ ತುಸು ಕಡಿಮೆ. ಹೋದ ವರ್ಷ ಅಲ್ಲಿ ಬಿಳಿಜೋಳ ಮೊಳಕಾಲೆತ್ತರಕ್ಕೇ ಸೋತು ನಿಂತಿತ್ತು. ಎಳ್ಳಮಾಸಿಯ ಹೊಲದ ಪೂಜೆಗೆಂದು ಕಾಗವಾಡದಿಂದ ಬಂದ ತವರಿನವರು ಬೆಳೆ ನೋಡಿದರು, ಹೋಳಿಗೆ ಉಂಡರು, ಏನೂ ಅನ್ನದೆ ಹೋದರು. ಏನಾದರೂ ಅಂದಿದ್ದರೆ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಈ ವರ್ಷ ಅಣ್ಣಂದಿರ ಕಣ್ಣೆದುರು ಅಪ್ಪ ಕೊಟ್ಟ ಹೊಲ ಆಳೆತ್ತರ ನಿಲ್ಲಬೇಕು, ಅವಳ ಆಸೆ ಅಷ್ಟೇ. ಅದಕ್ಕೆಂದೇ ಬಿತ್ತನೆಗೆ ತಿಂಗಳು ಮುಂಚೆ ಕುರುಬರ ಬಾಳೇಶನಿಗೆ ಹೇಳಿಕಳಿಸಿ ಇಪ್ಪತ್ತು ದಿನದ ಮಾತು ಮುಗಿಸಿದ್ದಳು.

ಪದ್ಧತಿ ಸರಳ. ಸಂಜೆಗೆ ಬಾಳೇಶ ಹೊಲದಲ್ಲಿ ಬಲೆಯ ಹಟ್ಟಿ ಕಟ್ಟಿ ಇನ್ನೂರೈವತ್ತು ಕುರಿಗಳನ್ನು ಒಳಗೆ ಕೂಡುತ್ತಾನೆ. ಬೆಳಗಾಗುವುದರಲ್ಲಿ ಆ ಜಾಗಕ್ಕೆಲ್ಲ ಹಿಕ್ಕಿ ಗೊಬ್ಬರ ಬಿದ್ದಿರುತ್ತದೆ. ಮರುದಿನ ಬಲೆ ಪಕ್ಕಕ್ಕೆ ಸರಿಯುತ್ತದೆ. ಹೀಗೆ ಹೊಲ ಮುಗಿಯುವವರೆಗೆ ಬಾಳೇಶನ ಮನೆಯ ಮೂವರಿಗೆ ರಾತ್ರಿಯ ಬುತ್ತಿ ಹೊಲದವರ ಮನೆಯಿಂದ.

ಮಾಸ್ತರರು ತಪ್ಪು ಹಿಡಿದದ್ದು ಬಲೆಯಲ್ಲಿ. ಅದರ ಉದ್ದ ನೂರಾ ಎಪ್ಪತ್ತಾರು ಅಡಿ. ಬಾಳೇಶ ಅದನ್ನು ಚೌಕಾಗಿ ಕಟ್ಟುತ್ತಿದ್ದ. ಮಗ್ಗುಲಿಗೆ ನಲವತ್ನಾಲ್ಕು ಅಡಿ, ಒಳಗೆ ಸಾವಿರದ ಒಂಬೈನೂರ ಮೂವತ್ತಾರು ಚದರಡಿ, ಅದರಲ್ಲಿ ಕುರಿಗಳು ಒಂದರ ಮೇಲೊಂದು ಒತ್ತಿಕೊಂಡು ನಿಲ್ಲುತ್ತಿದ್ದವು. ಅದೇ ಬಲೆಯನ್ನು ದುಂಡಗೆ ಕಟ್ಟಿದರೆ? ಮೊಬೈಲಿನಲ್ಲಿ ಲೆಕ್ಕ ಮಾಡುವವರನ್ನು ಕಂಡರಾಗದ ಮಾಸ್ತರರು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಇಪ್ಪತ್ತೆರಡರ ಕೆಳಗೆ ಏಳು ಬರೆದು, ತ್ರಿಜ್ಯ ಇಪ್ಪತ್ತೆಂಟು ಅಡಿ ಎಂದು ತೆಗೆದು, ವರ್ಗ ಮಾಡಿ ಗುಣಿಸಿದರು. ಎರಡು ಸಾವಿರದ ನಾನೂರ ಅರವತ್ನಾಲ್ಕು! ಗೇಣು ಬಲೆ ಹೆಚ್ಚು ಬೇಡ, ದಿನಕ್ಕೆ ಐನೂರು ಚದರಡಿ ಪುಕ್ಕಟೆ. ಹೊಲದ ಕ್ಷೇತ್ರಫಲವನ್ನು ಅದರಿಂದ ಭಾಗಿಸಿದರೆ ಇಪ್ಪತ್ತು ದಿನದ ಕೆಲಸ ಹದಿನೈದು ದಿನಕ್ಕೆ ಮುಗಿಯುತ್ತದೆ. ಐದು ದಿನದ ರೊಟ್ಟಿ ಉಳಿಯಿತಲ್ಲ ಎಂದು ತಾರವ್ವನೂ ಸುಮ್ಮನಾದಳು.

ಬಾಳೇಶ ಮಾತ್ರ ಕಿವಿ ಕೆರೆದುಕೊಂಡ. "ದುಂಡಗ ಒಂದು ಹಾಕಿದ್ರ ಚಂದರಿ ಮಾಸ್ತರ. ಆದರ ಅದರ ಮಗ್ಗಲಕ ಇನ್ನೊಂದು..."

"ಬಾಳೇಶ, ಪೈ ಅಂದ್ರ ಏನಂತ ಗೊತ್ತೈತೇನು?"

"ಇಲ್ರಿ."

"ಹಂಗಾರ ಗೂಟಾ ಹಿಡಿ."

ಬಾಳೇಶ ನಡುವೆ ಗೂಟ ಹಿಡಿದು ಕುಳಿತ. ಇಪ್ಪತ್ತೆಂಟು ಅಡಿಯ ಹಗ್ಗದ ತುದಿ ಹಿಡಿದು ಮಾಸ್ತರರು ಬೂದಿ ಚೆಲ್ಲುತ್ತ ಒಂದು ಸುತ್ತು ಬಂದರು. ಕರಿಹಲಗೆಯ ಮೇಲೆ ಕೂಡ ಅವರು ಅಂಥ ವೃತ್ತ ಬಿಡಿಸಿರಲಿಲ್ಲ. ಮೂಲೆ ಹಿಡಿದು ಮಲಗುವ ಚಟವಿದ್ದ ಒಂದು ಮುದಿ ಟಗರು ಮೂಲೆ ಹುಡುಕುತ್ತ ಹಟ್ಟಿಯನ್ನು ಹತ್ತಾರು ಸಲ ಸುತ್ತಿ, ಕೊನೆಗೆ ಬೇಸತ್ತು ಮಲಗಿತು.

ಒಂದು ದುಂಡಿಗೆ ಇನ್ನೊಂದು ದುಂಡು ತಾಗುವಂತೆ ಹಟ್ಟಿ ಸರಿಯುತ್ತ ಹೋಯಿತು. ಸಾಲಿಗೆ ನಾಲ್ಕರಂತೆ ಮೂರು ಸಾಲು. ಹದಿಮೂರನೆಯ ದಿನ ಸಂಜೆ ನೋಡಿದರೆ ಬಲೆ ಕಟ್ಟಲು ಜಾಗವೇ ಇಲ್ಲ. ಲೆಕ್ಕ ಹದಿನೈದು ಎಂದಿತ್ತು, ಹೊಲ ಹನ್ನೆರಡಕ್ಕೇ ಮುಗಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ನಿಂತು ಒಂದಿಷ್ಟು ಯೋಚಿಸುತ್ತಿದ್ದರು. ಮಾಸ್ತರರಿಗೆ ಆನಂದವಾಯಿತು. ತಮ್ಮ ಗಣಿತ ತಮ್ಮನ್ನೇ ಮೀರಿಸಿತೆಂದು ತಿಳಿದು, ಉಳಿದ ಮೂರು ದಿನ ಬದುವಿನಾಚೆಯ ದುರಗಪ್ಪನ ಹೊಲದಲ್ಲಿ ಕುರಿ ನಿಲ್ಲಿಸಲು ಉದಾರವಾಗಿ ಹೇಳಿಬಿಟ್ಟರು. ಬಾಳೇಶನ ಮಾತು ಈಗ ಇಪ್ಪತ್ತರಿಂದ ಹದಿನೈದು ದಿನಕ್ಕೆ ಇಳಿದಿತ್ತಲ್ಲ, ಬುತ್ತಿ ಮಾತ್ರ ತಾರವ್ವನದೇ ಹೋಯಿತು.

ಬಿತ್ತಿ ತಿಂಗಳಾದ ಮೇಲೆ ಮಾಸ್ತರರು ರಸ್ತೆಯ ಏರಿ ಮೇಲೆ ನಿಂತು ಹೊಲ ನೋಡಿದರು. ನೋಡಿ ಅಲ್ಲಿಯೇ ಕುಳಿತರು. ಹೊಲದ ತುಂಬ ಹನ್ನೆರಡು ದೊಡ್ಡ ಪರಾತದ ತಟ್ಟೆ ಬೋರಲು ಹಾಕಿದಂತೆ ಹನ್ನೆರಡು ಕಡೆ ಪೈರು ದುಂಡಗೆ, ಕಪ್ಪು ಹಸಿರಾಗಿ ಎದ್ದಿತ್ತು. ದುಂಡುಗಳ ನಡುವಿನ ಸಂದಿಗಳಲ್ಲಿ, ಬದುವಿನ ಅಂಚಿನಲ್ಲಿ, ನಾಲ್ಕೂ ಮೂಲೆಯಲ್ಲಿ ಹಳದಿ ಬಣ್ಣದ ಬಡಕಲು ಪೈರು. ಮನೆಗೆ ಬಂದು ಮತ್ತೆ ಲೆಕ್ಕ ಹಾಕಿದರು. ಸಂದಿಗಳನ್ನೆಲ್ಲ ಕೂಡಿಸಿದರೆ ಮೂರು ದುಂಡು ಮತ್ತು ಕಾಲು, ಹನ್ನೆರಡಕ್ಕೆ ಸೇರಿಸಿದರೆ ಅದೇ ಹದಿನೈದು ಚಿಲ್ಲರೆ! ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವರ ಸಂಕಟವೇ ಅದು.

ಅಂದಿನಿಂದ ಅವರ ಕಸರತ್ತು ಶುರುವಾಯಿತು. ಒಂದು ಚೀಲ ಸರಕಾರಿ ಯೂರಿಯಾ ಗೊಬ್ಬರ ತಂದು ಸಂದಿಗಳಿಗೆ ಚೆಲ್ಲಿದರು. ಮಳೆ ಇಲ್ಲದ ನೆಲದಲ್ಲಿ ಕಾಳುಗಳು ಕರಗದೆ ಹಾಗೇ ಬಿದ್ದುಕೊಂಡವು. ಇನ್ನು ಉಳಿದದ್ದು ತಾರವ್ವ ಹೊಲಕ್ಕೆ ಹೋಗದಂತೆ ನೋಡಿಕೊಳ್ಳುವುದು. ಕಸ ತೆಗೆಸಲು ತಾವೇ ಹೋದರು, ಹಕ್ಕಿ ಓಡಿಸಲು ತಾವೇ ಹೋದರು. ಕುರ್ಪಿ ಹಿಡಿಯಲೂ ಬಾರದ ಗಂಡನಿಗೆ ಹೊಲದ ಮೇಲೆ ಇಷ್ಟು ಜೀವ ಬಂತಲ್ಲ ಎಂದು ತಾರವ್ವ ಹಿಗ್ಗಿ ತುಪ್ಪ ಹಾಕಿ ಶಿರಾ ಮಾಡಿ ಬಡಿಸಿದಳು. ಮಾಸ್ತರರು ಶಿರಾ ತಾಟಿನ ಅಂಚಿಗೆ ಸರಿಸಿ ಬರೀ ರೊಟ್ಟಿ ಉಂಡೆದ್ದರು.

ಆದರೆ ಎಳ್ಳಮಾಸಿಯನ್ನು ಯಾವ ಮಾಸ್ತರ ತಡೆದಾನು? ಕಡುಬು, ಹೋಳಿಗೆ, ಭರ್ತ, ಪುಂಡಿಪಲ್ಯೆ ಬುಟ್ಟಿಗೆ ತುಂಬಿ ತವರಿನವರನ್ನು ಮುಂದೆ ಮಾಡಿಕೊಂಡು ತಾರವ್ವ ಹೊಲಕ್ಕೆ ಬಂದಳು. ಏರಿ ಮೇಲೆ ಎಲ್ಲರೂ ನಿಂತುಬಿಟ್ಟರು. ದುಂಡುಗಳಲ್ಲಿ ಜೋಳ ತೆನೆ ಹೊತ್ತು ಆಳೆತ್ತರ ನಿಂತಿದೆ, ಸಂದಿಗಳಲ್ಲಿ ಮೊಳಕಾಲೂ ಮುಟ್ಟಿಲ್ಲ.

"ದಾಜಿ, ಹೊಲಕ್ಕ ಸೀರಿಗತೆ ಬುಟ್ಟಾ ಹಾಕಿಸೀರಿ?" ಎಂದು ತಂಗಿಯ ಗಂಡನನ್ನು ಕೇಳುತ್ತ ಹಿರಿಯಣ್ಣ ಬಸವಂತ ಮೊಬೈಲು ತೆಗೆದ. ಫೋಟೋ ಆಗಲೇ ಕಾಗವಾಡಕ್ಕೆ ಹೋಗಿ ಮುಟ್ಟಿತ್ತು.

ತಾರವ್ವನಿಗೆ ದುಃಖವಾಯಿತು. ಬೈದರೆ ಅತ್ತೇಬಿಡುವೆನೆಂದು ಬೈಯಲಿಲ್ಲ. ಮಾಸ್ತರರು ಇಪ್ಪತ್ತೆರಡು ಭಾಗಿಲೆ ಏಳರಿಂದ ವಿವರಣೆ ಆರಂಭಿಸಿದರು. ಅವಳು ಮೆಲ್ಲಗೆ ನಡುವೆ ಬಾಯಿ ಹಾಕಿದಳು.

"ಹಪ್ಪಳಾ ಒಣಾ ಹಾಕೂಮುಂದ ನಡುವ ಸಂದಿ ಉಳಿತಾವ್ರಿ. ಅದಕ್ಕ ಅಲ್ಲಿ ಸಂಡಿಗಿ ಇಡತೀವಿ. ಒಂದು ಮಾತು ಕೇಳಿದ್ರ ನಾನ ಹೇಳತಿದ್ನಿ."

ಮೂವತ್ತಮೂರು ವರ್ಷದ ಸರ್ವಿಸಿನಲ್ಲಿ ಮಾಸ್ತರರಿಗೆ ಇಂಥ ಪಾಠ ಆಗಿರಲಿಲ್ಲ.

ಅಷ್ಟರಲ್ಲಿ ಬದುವಿನಾಚೆಯಿಂದ ದುರಗಪ್ಪ ಕೈ ಮುಗಿಯುತ್ತ ಬಂದ. ಮಾಸ್ತರರ ಪುಣ್ಯದಿಂದ, ಬಾಳೇಶ ಅಲ್ಲಿ ರೂಢಿಯಂತೆ ಚೌಕಾಗಿ ಕಟ್ಟಿದ ಹಟ್ಟಿಯಿಂದ ತನ್ನ ಹೊಲದ ಒಂದು ಮಗ್ಗುಲು ಗೋಡೆ ನಿಂತಂತೆ ಬೆಳೆದಿದೆ, ಅದರ ನೆರಳಿಗೆ ತನ್ನ ಮನೆಯವರು ಆಗಲೇ ಜಮಖಾನೆ ಹಾಸಿದ್ದಾರೆ, ಎಲ್ಲರೂ ಅಲ್ಲಿಗೇ ಊಟಕ್ಕೆ ಬರಬೇಕು ಎಂದು ಕೇಳಿಕೊಂಡ. ತವರಿನವರು ತಾರವ್ವನ ಮುಖ ನೋಡಿದರು. ಮಾಸ್ತರರು ತಮ್ಮ ಚಪ್ಪಲಿ ನೋಡಿಕೊಂಡರು.

ತಾರವ್ವ ಸಂದಿಯ ಬಡಕಲು ಪೈರಿನಲ್ಲಿ ಕೈಯಾರೆ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಅಪ್ಪನನ್ನು ನೆನೆದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಬುಟ್ಟಿಯನ್ನು ಎತ್ತಿ ಗಂಡನ ತಲೆಯ ಮೇಲಿಟ್ಟಳು.

"ನಡೀರಿ," ಎಂದಳು. "ನಮ್ಮ ಮೂರು ದಿನದ ರೊಟ್ಟಿ ಅಲ್ಲೇ ಬೆಳದು ನಿಂತೈತಿ. ಅದರ ನೆರಳಿಗರ ಕುಂತು ಉಣ್ಣೂಣು."